ಹಳೆ ಪಿಕಪ್‌ಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಯಾವುದು ಕೂರುತ್ತೆ, ಯಾವುದು ಕೈ ಕಚ್ಚುತ್ತೆ

ಕೋಲಾರದ ಸುತ್ತ ಹಳೆ ಪಿಕಪ್ ಇಟ್ಟುಕೊಂಡವರಲ್ಲಿ ಎರಡು ಥರದವರಿದ್ದಾರೆ. ಒಬ್ಬರದು ದುಡಿಯೋ ಗಾಡಿ. ಬೊಲೆರೊ ಪಿಕಪ್ಪೋ ಟಾಟಾ 207ನೋ, ಟೊಮೆಟೊ ಬಾಕ್ಸ್ ಹೊತ್ತು ಎಪಿಎಂಸಿಗೆ ಹೋಗಿ ಬರೋದು. ಇನ್ನೊಬ್ಬರದು ಪ್ರೀತಿಗೆ ಇಟ್ಟುಕೊಂಡ ಗಾಡಿ. ಮಹೀಂದ್ರ ಸ್ಕಾರ್ಪಿಯೊ ಗೆಟವೇ ಥರದ್ದು, ವಾರಕ್ಕೊಮ್ಮೆ ತೋಟಕ್ಕೆ, ಆಗಾಗ ಬೆಂಗಳೂರಿಗೆ. ಗೇರ್‌ಬಾಕ್ಸ್ ಕೊರಗೋಕೆ ಶುರುವಾದಾಗಲೋ, ಎಡಗಾಲಿನ ಮಂಡಿ ಹಿಡಿಯೋಕೆ ಶುರುವಾದಾಗಲೋ ಇಬ್ಬರೂ ಕೇಳೋ ಪ್ರಶ್ನೆ ಒಂದೇ: ಇದಕ್ಕೆ ಆಟೋಮ್ಯಾಟಿಕ್ ಕೂರಿಸಬಹುದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ದುಡಿಯೋ ಗಾಡಿಗೆ ಬೇಡ. ಪ್ರೀತಿಯ ಗಾಡಿಗೆ ಆಗುತ್ತೆ, ಆದರೆ ಬರೀ ಗೇರ್‌ಬಾಕ್ಸ್ ಹುಡುಕಿಕೊಂಡು ಗುಜರಿಗೆ ಹೋಗಬೇಡಿ. ನಿಮ್ಮ ಗಾಡಿಯಲ್ಲಿರೋ ಇಂಜಿನ್ನೇ ಇರುವ, ಆಟೋಮ್ಯಾಟಿಕ್ ಆಗಿಯೇ ಕಂಪನಿಯಿಂದ ಬಂದ ಇನ್ನೊಂದು ಪೂರ್ತಿ ಗಾಡಿ ಸಿಕ್ಕರೆ ಮಾತ್ರ ಕೈ ಹಾಕಿ. ಎಷ್ಟು ಗೇರ್, ಯಾವ ಬ್ರಾಂಡ್ ಅನ್ನೋದೆಲ್ಲ ಆಮೇಲಿನ ಮಾತು.

ದುಡಿಯೋ ಗಾಡಿಗೆ ಯಾಕೆ ಬೇಡ

ಕೋಲಾರ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. ನೂರು ಬಾಕ್ಸ್ ಹಾಕಿದರೆ ಹಣ್ಣಿನ ತೂಕವೇ 1500 ಕೆಜಿ. ಅದನ್ನು ಎಳೆಯೋದು ಬೊಲೆರೊ ಪಿಕಪ್‌ನ 2523 ಸಿಸಿ ಇಂಜಿನ್. ಹಳೆ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಆದರೆ ಸುಮಾರು 63 ಕುದುರೆ ಶಕ್ತಿ, ಅದೂ 3200 ಆರ್‌ಪಿಎಂ ಹತ್ತಿರ. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟ ಮೇಲೆ ಇಂಜಿನ್ನಿನ ಎಳೆತ ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತೆ. ಆಟೋಮ್ಯಾಟಿಕ್‌ನಲ್ಲಿ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತೆ, ಅಲ್ಲಿ ಎಳೆತ ದಾಟೋದು ಎಣ್ಣೆಯ ಮೂಲಕ. ಒಳಗಿನ ಲಾಕ್ ಬೀಳೋ ತನಕ ಎಣ್ಣೆ ಜಾರುತ್ತಲೇ ಇರುತ್ತೆ, ಜಾರಿದ್ದೆಲ್ಲ ಬಿಸಿಯಾಗುತ್ತೆ. ಮಂಡಿ ಬಾಗಿಲಲ್ಲಿ ಲೋಡ್ ಹೊತ್ತು ಇಂಚಿಂಚಾಗಿ ಮುಂದೆ ಹೋಗೋವಾಗ ಲಾಕ್ ಬೀಳೋದೇ ಇಲ್ಲ. ಮುಳಬಾಗಿಲು ದಾಟಿ ಪಲಮನೇರು ಕಡೆಯಿಂದ ಚೆನ್ನೈಗೆ ಲೋಡ್ ಹೊಡೆಯೋರಿಗೆ ಗೊತ್ತು, ವಾಪಸ್ ಬರೋವಾಗ ಮೊಗಿಲಿ ಘಾಟಿಯಲ್ಲಿ ಖಾಲಿ ಗಾಡಿಯೇ ಎಷ್ಟು ಬಿಸಿ ಏರುತ್ತೆ ಅಂತ.

ಅದಕ್ಕಿಂತ ದೊಡ್ಡ ಮಾತು ನಿಂತು ಹೋಗೋ ದಿನಗಳದು. ಮ್ಯಾನ್ಯುಯಲ್ ಬಾಕ್ಸ್ ಬಿಚ್ಚಿ ಬೇರಿಂಗು, ಸಿಂಕ್ರೊ ರಿಂಗು ಹಾಕೋದು ನಮ್ಮ ಕಡೆ ಯಾವ ಮೆಕ್ಯಾನಿಕ್ ಆದರೂ ಮಾಡುವ ಕೆಲಸ, ಸಾಮಾನು ಕೋಲಾರದಲ್ಲೇ ಸಿಗುತ್ತೆ. ಆಟೋಮ್ಯಾಟಿಕ್ ಕೈಕೊಟ್ಟರೆ ಬೆಂಗಳೂರಿಗೆ ಎಳೆಸಿ, ಸಾಮಾನಿಗೆ ಕಾದು ಕೂರಬೇಕು. ಸೀಸನ್ ಅದಕ್ಕೆ ಕಾಯೋದಿಲ್ಲ.

ಹಾಗಾಗಿ ದುಡಿಯೋ ಗಾಡಿಯಲ್ಲಿ ಹೋಲಿಕೆ ಇರೋದು ಎರಡರ ನಡುವೆ: ಇರೋ ಬಾಕ್ಸನ್ನೇ ರಿಪೇರಿ ಮಾಡಿಸೋದಾ, ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಬಾಕ್ಸ್ ತರೋದಾ? ಗೇರ್ ಜಾರೋದು, ಹಾಕುವಾಗ ಕರಕರ ಅನ್ನೋದು, ಬೇರಿಂಗ್ ಸದ್ದು ಇವಿಷ್ಟೇ ಆದರೆ ರಿಪೇರಿ. ಲೇ ಶಾಫ್ಟ್ ಹಲ್ಲು ಮುರಿದಿದ್ದರೆ ಅಥವಾ ಹೌಸಿಂಗ್ ಸೀಳಿದ್ದರೆ ಸೆಕೆಂಡ್ ಹ್ಯಾಂಡ್. ಮಂಡಿ ನೋವೇ ಕಾರಣ ಆಗಿದ್ದರೆ ಮೊದಲು ಕ್ಲಚ್ ಪೆಡಲ್ ಎಷ್ಟು ಗಟ್ಟಿಯಿದೆ ನೋಡಿಸಿ. ಸವೆದ ಪ್ಲೇಟು, ಹಳೆ ಪ್ರೆಶರ್ ಪ್ಲೇಟು ಪೆಡಲನ್ನು ಕಲ್ಲು ಮಾಡಿಬಿಡುತ್ತೆ. ಹೊಸ ಕ್ಲಚ್ ಸೆಟ್ ಹಾಕಿಸಿದ ಮೇಲೆ ಆಟೋಮ್ಯಾಟಿಕ್ ವಿಷಯವನ್ನೇ ಮರೆತವರು ಬಹಳ. ಅದರಿಂದಲೂ ಆಗಲಿಲ್ಲ ಅಂದರೆ ಕ್ಲಚ್ಚನ್ನು ಮೋಟಾರೋ ವ್ಯಾಕ್ಯೂಮೋ ಒತ್ತುವ ಆಟೋ ಕ್ಲಚ್ ಕಿಟ್ ಬರುತ್ತೆ. ಅಂಗವಿಕಲರ ಗಾಡಿಗಳಿಗೆ ಇದನ್ನು ಹಾಕೋದು ಹೊಸದೇನಲ್ಲ. ಗೇರ್‌ಬಾಕ್ಸ್ ಹಾಗೇ ಇರುತ್ತೆ, ಗೇರ್ ಕೈಯಲ್ಲೇ ಹಾಕಬೇಕು, ಎಡಗಾಲಿಗೆ ಮಾತ್ರ ರಜೆ.

ಅಮೆರಿಕದ ವಿಡಿಯೊ ನೋಡಿ ಬಂದವರಿಗೆ

ಈ ಆಸೆ ಹುಟ್ಟೋದೇ ಯೂಟ್ಯೂಬ್‌ನಲ್ಲಿ. ಅಲ್ಲಿ ಒಬ್ಬ ಹಳೆ ಷೆವರ್ಲೆ ಟ್ರಕ್ಕಿನ ಆಟೋಮ್ಯಾಟಿಕ್ ಬಾಕ್ಸನ್ನು ಶನಿವಾರ ಇಳಿಸಿ, ಭಾನುವಾರ ಬೇರೆ ಬಾಕ್ಸ್ ಏರಿಸಿ, ಸಂಜೆಗೆ ಓಡಿಸಿಬಿಡ್ತಾನೆ. ಅವನಿಗೆ ಅದು ಸುಲಭ ಆಗೋಕೆ ಕಾರಣ ಇದೆ. 1955ರಲ್ಲಿ ಬಂದ ಷೆವರ್ಲೆ ವಿ8 ಇಂಜಿನ್ನಿನ ಹಿಂಭಾಗದ ಬೋಲ್ಟ್ ಜಾಗಗಳನ್ನು ಆ ಕಂಪನಿ ದಶಕಗಟ್ಟಲೆ ಬದಲಿಸಲಿಲ್ಲ. ಹೀಗಾಗಿ 1960ರ ದಶಕದ ಬಾಕ್ಸ್ ಇಳಿಸಿದ ಜಾಗಕ್ಕೆ 1980ರ ದಶಕದ್ದು ಹೆಚ್ಚು ತಕರಾರಿಲ್ಲದೆ ಕೂರುತ್ತೆ. ನಮ್ಮಲ್ಲಿ ಮಹೀಂದ್ರದ ಎರಡು ಇಂಜಿನ್‌ಗಳ ಬೆಲ್ ಹೌಸಿಂಗೇ (ಬಾಕ್ಸನ್ನು ಇಂಜಿನ್ನಿಗೆ ಜೋಡಿಸೋ ಕವಚ) ಒಂದಕ್ಕೊಂದು ಕೂರೋದಿಲ್ಲ.

ಆದರೂ ಅವರು ಬಾಕ್ಸುಗಳನ್ನು ಹೋಲಿಸೋ ರೀತಿಯಿಂದ ಕಲಿಯೋದಿದೆ, ಯಾಕಂದರೆ ನಿಮ್ಮ ಮುಂದೆ ಬರೋ ಯಾವ ಬಾಕ್ಸೂ ಈ ಮೂರು ಜಾತಿಯಲ್ಲಿ ಒಂದಾಗಿರುತ್ತೆ.

ಮೊದಲನೇದು ಮೂರೇ ಗೇರಿನ ಹಳೆ ಬಾಕ್ಸ್. ಅಲ್ಲಿನ ಟಿಎಚ್400 ಬಂದದ್ದು 1964ರಲ್ಲಿ, ಟಿಎಚ್350 ಬಂದದ್ದು 1969ರಲ್ಲಿ. ಕಂಪ್ಯೂಟರ್ ಇಲ್ಲ, ವೈರಿಂಗ್ ತಲೆನೋವು ಇಲ್ಲ, ಗಟ್ಟಿ. ಕೊರತೆ ಓವರ್‌ಡ್ರೈವ್‌ದು: ಕೊನೇ ಗೇರ್ 1.00 ಅಷ್ಟೇ, ಅಂದರೆ ಇಂಜಿನ್ ತಿರುಗಿದಷ್ಟೇ ಹಿಂದಿನ ಶಾಫ್ಟ್ ತಿರುಗುತ್ತೆ, ಅದಕ್ಕಿಂತ ಜೋರಾಗಿ ತಿರುಗಿಸೋ ಗೇರ್ ಇಲ್ಲ. ಎರಡನೇದು ಕೇಬಲ್‌ನಿಂದ ನಡೆಯೋ ನಾಲ್ಕು ಗೇರಿನದು, 1982ರ 700ಆರ್4 ಥರದ್ದು. ಮೊದಲ ಗೇರ್ 3.06, ಕೊನೇದು 0.70. ಲೋಡ್ ಎತ್ತೋಕೂ ಹೈವೇಗೂ ಒಗ್ಗುತ್ತೆ. ಆದರೆ ಆಕ್ಸಿಲರೇಟರಿಗೆ ಕಟ್ಟಿದ ಅದರ ಕೇಬಲ್ ಒಳಗಿನ ಎಣ್ಣೆಯ ಒತ್ತಡವನ್ನೇ ನಿರ್ಧರಿಸುತ್ತೆ. ಅದು ಸ್ವಲ್ಪ ಸಡಿಲವಾಗಿ ಕಟ್ಟಿದರೆ ಒತ್ತಡ ಸಾಲದೆ ಒಳಗಿನ ಕ್ಲಚ್‌ಗಳು ಸುಟ್ಟು ಹೋಗುತ್ತವೆ. ಮೂರನೇದು ಕಂಪ್ಯೂಟರ್ ನಡೆಸೋ ಬಾಕ್ಸ್, 1991ರ 4ಎಲ್80ಇ, 1993ರ 4ಎಲ್60ಇ ಅಂಥವು. ಎಲ್ಲಕ್ಕಿಂತ ನಯ. ಅದರ ಪೆಟ್ಟಿಗೆ, ವೈರು, ಸೆನ್ಸರು ಜೊತೆಗೆ ಬರದಿದ್ದರೆ ಬಾಕ್ಸ್ ಬರೀ ತೂಕದ ಕಬ್ಬಿಣ.

ಕೊನೇ ಗೇರಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. 235/70 ಆರ್16 ಟೈರ್ ಒಂದು ಸುತ್ತಿಗೆ ಸುಮಾರು 2.31 ಮೀಟರ್ ಹೋಗುತ್ತೆ. ಗಂಟೆಗೆ 80 ಕಿಮೀ ಅಂದರೆ ನಿಮಿಷಕ್ಕೆ ಸುಮಾರು 577 ಸುತ್ತು. ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್ ಅನುಪಾತ 4.1 ಅಂತ ಇಟ್ಟುಕೊಂಡರೆ, ಓವರ್‌ಡ್ರೈವ್ ಇಲ್ಲದ ಬಾಕ್ಸಿನಲ್ಲಿ ಇಂಜಿನ್ 2366 ಆರ್‌ಪಿಎಂ ತಿರುಗುತ್ತೆ, 0.70 ಇದ್ದರೆ 1656. ಅದೇ 100ಕ್ಕೆ ಹೋದರೆ ಓವರ್‌ಡ್ರೈವ್ ಇಲ್ಲದ್ದು 2950 ದಾಟುತ್ತೆ. ಅಮೆರಿಕದ ಪೆಟ್ರೋಲ್ ವಿ8ಗೆ ಅದು ಏನೂ ಅಲ್ಲ. 3200ಕ್ಕೆ ಉಸಿರು ಕಟ್ಟುವ ನಮ್ಮ ಡಿಐಗೆ ಅದು ಹೆಚ್ಚೂಕಮ್ಮಿ ಕೊನೆ. ಎನ್‌ಎಚ್ 75ರಲ್ಲಿ ಹೊಸಕೋಟೆ ಮುಟ್ಟೋಷ್ಟರಲ್ಲಿ ಕಿವಿ ಮಂಕಾಗುತ್ತೆ.

ನಮ್ಮ ಕಡೆ ನಿಜವಾಗಿ ಇರೋ ದಾರಿಗಳು

ಗೆಟವೇ ಇದ್ದವರಿಗೆ ಅದೃಷ್ಟ ಇದೆ. 2.2 ಲೀಟರ್ ಎಂಹಾಕ್ ಇಂಜಿನ್, 2179 ಸಿಸಿ, 120 ಕುದುರೆ ಶಕ್ತಿಯದು ಗೆಟವೇಯಲ್ಲೂ ಬಂತು, ಸ್ಕಾರ್ಪಿಯೊದಲ್ಲೂ ಬಂತು. ಆ ಸ್ಕಾರ್ಪಿಯೊಗೆ 2008ರಲ್ಲಿ ಆರು ಗೇರಿನ ಆಟೋಮ್ಯಾಟಿಕ್ ಬಂತು. ಒಂದೇ ಮನೆಯ ಇಂಜಿನ್, ಒಂದೇ ಮನೆಯ ಬೆಲ್ ಹೌಸಿಂಗ್. ಹೊಂದದ ಇಂಜಿನ್ನನ್ನೂ ಬಾಕ್ಸನ್ನೂ ಜೋಡಿಸೋ ಅಡಾಪ್ಟರ್ ಪ್ಲೇಟ್ ಕಡೆಯಿಸೋ ಕೆಲಸ ಇಲ್ಲ. ಹಳೇ 2.6 ಸಿಆರ್‌ಡಿಇ ಇಂಜಿನ್ನಿನ ಗೆಟವೇಗೆ ಈ ಮಾತು ಅನ್ವಯಿಸೋದಿಲ್ಲ, ಬಾನೆಟ್ ಎತ್ತಿ ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ.

ಇಲ್ಲಿ ಜನ ಎಡವೋದು ಒಂದು ಕಡೆ. ಶಿವಾಜಿನಗರದ ಗುಜರಿಯಲ್ಲಿ ಬಾಕ್ಸ್ ಒಂದನ್ನೇ ಚೌಕಾಸಿ ಮಾಡಿ ತರ್ತಾರೆ. ಬಂಗಾರಪೇಟೆ ರಸ್ತೆಯ ಮೆಕ್ಯಾನಿಕ್ ಒಬ್ಬರು ನನಗೆ ಹೇಳಿದ್ದು ಚೆನ್ನಾಗಿತ್ತು: "ಅಣ್ಣಾ, ಬಾಕ್ಸ್ ತರೋರು ಬೇಕಾದಷ್ಟು ಜನ. ಅದರ ವೈರ್ ತರೋರು ಒಬ್ಬರೂ ಇಲ್ಲ." ಎಂಹಾಕ್ ಥರದ ಕಾಮನ್ ರೈಲ್ (ಡೀಸೆಲ್ ಸಿಡಿಸೋದನ್ನು ಕಂಪ್ಯೂಟರ್ ನಡೆಸೋ) ಇಂಜಿನ್ನಿನಲ್ಲಿ ಇಂಜಿನ್ ಕಂಪ್ಯೂಟರೂ ಗೇರ್ ಕಂಪ್ಯೂಟರೂ ಒಂದಕ್ಕೊಂದು ಮಾತಾಡುತ್ತಾ ಇರಬೇಕು. ಗೇರ್ ಬದಲಾಗೋ ಆ ಕ್ಷಣಕ್ಕೆ ಗೇರ್ ಕಂಪ್ಯೂಟರ್ ಇಂಜಿನ್ನಿಗೆ ಎಳೆತ ತಗ್ಗಿಸು ಅಂತ ಹೇಳುತ್ತೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಇಸಿಯುಗೆ (ಇಂಜಿನ್ ಕಂಪ್ಯೂಟರಿಗೆ) ಆ ಮಾತು ಅರ್ಥವೇ ಆಗೋದಿಲ್ಲ. ಆದ್ದರಿಂದ ದಾನಿ ಗಾಡಿಯಿಂದ ಬಾಕ್ಸ್, ಟಾರ್ಕ್ ಕನ್ವರ್ಟರ್, ಫ್ಲೆಕ್ಸ್ ಪ್ಲೇಟ್ (ಫ್ಲೈವೀಲ್ ಜಾಗದಲ್ಲಿ ಕನ್ವರ್ಟರನ್ನು ಕ್ರ್ಯಾಂಕಿಗೆ ಕಟ್ಟೋ ತೆಳು ತಟ್ಟೆ), ಎರಡೂ ಕಂಪ್ಯೂಟರ್, ಪೂರ್ತಿ ವೈರಿಂಗ್, ಇಮೊಬಿಲೈಸರ್ ಜೊತೆ ಕೀ, ಗೇರ್ ಲಿವರ್, ಬ್ರೇಕ್ ಪೆಡಲ್, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟ್, ಕೆಳಗಿನ ಕ್ರಾಸ್ ಮೆಂಬರ್ ತನಕ ಎಲ್ಲವೂ ಒಂದೇ ಗಾಡಿಯಿಂದ ಬರಬೇಕು. ಅಪಘಾತದಲ್ಲಿ ಹಿಂದೆ ಪೆಟ್ಟು ಬಿದ್ದ, ಆದರೆ ಸ್ಟಾರ್ಟ್ ಆಗೋ ಸ್ಕಾರ್ಪಿಯೊ ಆಟೋಮ್ಯಾಟಿಕ್ ಸಿಕ್ಕರೆ ಅದೇ ಚಿನ್ನ. ಮೇಲ್ನೋಟಕ್ಕೆ ದುಬಾರಿ ಅನ್ನಿಸುತ್ತೆ. ಉಳಿದ ಬಾಗಿಲು, ಸೀಟು, ಆಕ್ಸಲ್ ಮಾರಿ ಲೆಕ್ಕ ಹಾಕಿದರೆ ಬಿಡಿ ಬಿಡಿಯಾಗಿ ತಂದದ್ದಕ್ಕಿಂತ ಕಡಿಮೆಗೆ ಬೀಳುತ್ತೆ.

ಈ ಬಾಕ್ಸಿಗೂ ಒಂದು ಕಳಂಕ ಇದೆ. ಮಹೀಂದ್ರ ಇದನ್ನು ತರಿಸಿದ್ದು ಆಸ್ಟ್ರೇಲಿಯಾದ ಡಿಎಸ್‌ಐ ಕಂಪನಿಯಿಂದ. ಆ ಕಂಪನಿ 2009ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಚೀನಾದ ಗೀಲಿ ಕೈಗೆ ಸೇರಿತು. ಬೇರಿಂಗು, ಸೀಲು ಹೇಗೋ ಹೊಂದಿಸಬಹುದು. ಗೇರ್ ಬದಲಿಸೋಕೆ ಎಣ್ಣೆಯನ್ನು ದಾರಿ ತಪ್ಪದೆ ಹರಿಸೋ ವಾಲ್ವ್ ಬಾಡಿಯಂಥದ್ದು ಬೇಕಾದಾಗ ಇನ್ನೊಂದು ಹಳೆ ಬಾಕ್ಸೇ ಗತಿ. ಇದನ್ನು ಒಪ್ಪಿಕೊಂಡು ಇಳಿಯಬೇಕು.

ಎರಡನೇ ದಾರಿ, ಹಳೆ ಡಿಐ ಇಂಜಿನ್ನಿಗೆ ಹೊರದೇಶದ ಕೇಬಲ್ ಬಾಕ್ಸ್ ಒಂದನ್ನು ಅಡಾಪ್ಟರ್ ಪ್ಲೇಟ್ ಮಾಡಿಸಿ ಕೂರಿಸೋದು. ಪೀಣ್ಯದಲ್ಲಿ ಪ್ಲೇಟ್ ಕಡೆದುಕೊಡೋರು ಸಿಗ್ತಾರೆ, ಆ ಬಗ್ಗೆ ಚಿಂತೆ ಬೇಡ. ಚಿಂತೆ ಬೇರೆ. ಕ್ರ್ಯಾಂಕಿನ ನಡುಮಧ್ಯಕ್ಕೂ ಬಾಕ್ಸಿನ ನಡುಮಧ್ಯಕ್ಕೂ ಕೂದಲೆಳೆ ವ್ಯತ್ಯಾಸ ಬಂದರೂ ಪಂಪಿನ ಬುಷ್ ತಿಂದುಹೋಗುತ್ತೆ, ಫ್ಲೆಕ್ಸ್ ಪ್ಲೇಟ್ ಬಿರುಕು ಬಿಡುತ್ತೆ. ಡಯಲ್ ಗೇಜ್ ಇಟ್ಟು ನೋಡದವರ ಹತ್ತಿರ ಈ ಕೆಲಸ ಕೊಡಬೇಡಿ. ಅಷ್ಟಾದ ಮೇಲೂ ಇಂಜಿನ್ನಿನ ಸ್ವಭಾವ ಬಾಕ್ಸಿಗೆ ಹೊಂದಬೇಕು. ಪೆಟ್ರೋಲ್ ಗಾಡಿಯ ಬಾಕ್ಸ್ ಫುಲ್ ಆಕ್ಸಿಲರೇಟರ್‌ನಲ್ಲಿ 4500 ಆರ್‌ಪಿಎಂಗೆ ಗೇರ್ ಏರಿಸೋಕೆ ಕಾಯುತ್ತೆ. ನಿಮ್ಮ ಇಂಜಿನ್ 3200ಕ್ಕೇ ನಿಂತುಬಿಡುತ್ತೆ. ದಿಣ್ಣೆ ಮೇಲೆ ಪೆಡಲ್ ಪೂರ್ತಿ ಒತ್ತಿದಷ್ಟೂ ಎರಡನೇ ಗೇರ್ ಬರೋದೇ ಇಲ್ಲ. ವ್ಯಾಕ್ಯೂಮ್‌ನಿಂದ ಲೋಡ್ ತಿಳಿಯೋ ಬಾಕ್ಸ್ ಆದರೆ ಇನ್ನೂ ಪಜೀತಿ. ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲ್‌ನಂತೆ ಏರಿಳಿಯೋ ವ್ಯಾಕ್ಯೂಮ್ ಇರೋದೇ ಇಲ್ಲ. ದೊಡ್ಡ ಇಂಜಿನ್ನಿನ ಕನ್ವರ್ಟರ್ ಹಾಕಿದರೆ ಟರ್ಬೊ ಎದ್ದೇಳೋಕೆ ಬೇಕಾದ ಆರ್‌ಪಿಎಂಗೆ ಇಂಜಿನ್ ಏರೋಕೇ ಅದು ಬಿಡೋದಿಲ್ಲ. ಗಾಡಿ ಜಾಗ ಬಿಟ್ಟು ಏಳುವುದೇ ಇಲ್ಲ. ನಾನು ಈ ದಾರಿಯನ್ನು ಯಾರಿಗೂ ಹೇಳೋದಿಲ್ಲ.

ಮೂರನೇದು, ಹಳೆ ಫಾರ್ಚೂನರ್ ಥರದ್ದರಿಂದ ಇಂಜಿನ್ನೂ ಬಾಕ್ಸೂ ಒಟ್ಟಿಗೆ ತಂದು ಇಳಿಸೋದು. ಯಂತ್ರದ ದೃಷ್ಟಿಯಿಂದ ಇದು ಎರಡನೆಯದಕ್ಕಿಂತ ಎಷ್ಟೋ ಮೇಲು, ಬಾಕ್ಸ್ ತನ್ನ ಇಂಜಿನ್ ಜೊತೆಯೇ ಬರುತ್ತೆ. ಆದರೆ ಇಂಜಿನ್ ನಂಬರೂ ಸಿಸಿಯೂ ಬದಲಾಗೋದರಿಂದ ಕಾಗದದಲ್ಲಿ ಸಿಕ್ಕಿಹಾಕಿಕೊಳ್ತೀರಿ, ಬ್ರೇಕು, ಚಾಸಿ, ಹಿಂದಿನ ಆಕ್ಸಲ್ ಆ ಶಕ್ತಿಗೆ ತಕ್ಕದ್ದಲ್ಲ.

2015ರ ಟಿಯುವಿ300ರ ಎಎಂಟಿ ಬಗ್ಗೆಯೂ ಕೆಲವರು ಕೇಳ್ತಾರೆ. ಅದು ಮ್ಯಾನ್ಯುಯಲ್ ಬಾಕ್ಸಿಗೆ ಕ್ಲಚ್ ಒತ್ತಿ ಗೇರೂ ಹಾಕುವ ಯಂತ್ರ ಕಟ್ಟಿದ್ದು, 1.5 ಲೀಟರಿನ ಮೂರು ಸಿಲಿಂಡರ್ ಇಂಜಿನ್ನಿಗೆ ಮಾಡಿದ್ದು. 2.5 ಲೀಟರ್ ಪಿಕಪ್‌ಗೆ ಸಂಬಂಧವೇ ಇಲ್ಲ, ಮುಂದಕ್ಕೆ ಹೋಗೋಣ.

ಉಳಿದದ್ದು ಮಾರಿ ಕೊಳ್ಳೋ ದಾರಿ. ಇಸುಜು ವಿ-ಕ್ರಾಸ್ 1.9 ಆಟೋಮ್ಯಾಟಿಕ್ 2019ರಿಂದ ಇದೆ, ಟೊಯೊಟಾ ಹೈಲಕ್ಸ್ 2022ರಲ್ಲಿ ಬಂತು. ಎರಡರಲ್ಲೂ ಆರು ಗೇರಿನ ಆಟೋಮ್ಯಾಟಿಕ್ ಕಂಪನಿಯಿಂದಲೇ ಬರುತ್ತೆ. ಬೆಲೆ ಜಾಸ್ತಿ, ಒಪ್ಪೋ ಮಾತೇ. ಗೆಟವೇ ಮೇಲೆ ಮಮತೆ ಇಲ್ಲದವರು, ಅಪ್ಪನ ಕಾಲದ ಗಾಡಿ ಅನ್ನೋ ಭಾವನೆ ಇಲ್ಲದವರು, ಸೆಕೆಂಡ್ ಹ್ಯಾಂಡ್ ವಿ-ಕ್ರಾಸ್ ನೋಡೋದೇ ಜಾಣತನ.

ಬಾಕ್ಸ್ ನೋಡೋ ಬಗೆ, ಕೂರಿಸೋ ಬಗೆ

ದಾನಿ ಗಾಡಿ ಇನ್ನೂ ಓಡೋ ಸ್ಥಿತಿಯಲ್ಲಿದ್ದಾಗಲೇ ಪರೀಕ್ಷೆ ಮಾಡಿ. ಬ್ರೇಕ್ ಒತ್ತಿ ನ್ಯೂಟ್ರಲ್‌ನಿಂದ ಡಿಗೆ, ಆಮೇಲೆ ಆರ್‌ಗೆ ಹಾಕಿ. ಗಾಡಿ ಮೆಲ್ಲಗೆ ತಳ್ಳಿದಂತೆ ಆಗೋಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ದಡಾರ್ ಅಂತ ಹೊಡೆದರೆ ಬಿಟ್ಟುಬಿಡಿ. ಎಣ್ಣೆ ಕಡ್ಡಿ ಇದ್ದರೆ ಎಳೆದು ಮೂಸಿ ನೋಡಿ. ಸುಟ್ಟ ವಾಸನೆ, ಕಪ್ಪು ಬಣ್ಣ ಇದ್ದರೆ ಒಳಗಿನ ಕ್ಲಚ್ ಮುಗಿದಿದೆ ಅಂತ ಅರ್ಥ. ಕೆಳಗಿನ ಚೇಂಬರ್ ಬಿಚ್ಚೋಕೆ ಬಿಟ್ಟರೆ ಆಯಸ್ಕಾಂತ ನೋಡಿ. ಬೂದು ಬಣ್ಣದ ನುಣುಪು ಕೆಸರು ಸಹಜ. ಚೂರು, ಸಿಪ್ಪೆ ಕಂಡರೆ ಬೇಡ. ಎಣ್ಣೆ ಗುಲಾಬಿ ಮಿಲ್ಕ್‌ಶೇಕ್‌ನಂತೆ ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಸೇರಿದೆ. ಕೂಲಂಟ್ ಕ್ಲಚ್ ಲೈನಿಂಗಿನ ಅಂಟನ್ನೇ ಬಿಡಿಸುತ್ತೆ, ಅಂಥ ಬಾಕ್ಸ್ ಪುಕ್ಕಟೆ ಕೊಟ್ಟರೂ ಬೇಡ.

ಕೂರಿಸುವಾಗ ಒಂದು ಕ್ಷಣಕ್ಕೆ ನೀವೇ ಪಕ್ಕದಲ್ಲಿ ನಿಂತಿರಿ: ಟಾರ್ಕ್ ಕನ್ವರ್ಟರನ್ನು ಬಾಕ್ಸಿನೊಳಕ್ಕೆ ಇಳಿಸೋವಾಗ. ಅದನ್ನು ಕೈಯಲ್ಲಿ ತಿರುಗಿಸುತ್ತಾ ಒಳಕ್ಕೆ ಒತ್ತಬೇಕು. ಒಂದೊಂದು ಶಾಫ್ಟಿನ ಹಲ್ಲಿಗೂ ಕೂತಾಗ ಟಕ್ ಅಂತ ಒಂದಿಷ್ಟು ಒಳಗೆ ಬೀಳುತ್ತೆ, ಕೊನೆಯ ಟಕ್ ಪಂಪಿನ ಕಚ್ಚಿಗೆ. ಆ ಕೊನೇದು ಬೀಳದೆ ಇದ್ದರೂ ನೋಡೋಕೆ ಕೂತ ಹಾಗೇ ಕಾಣುತ್ತೆ. ಬೆಲ್ ಹೌಸಿಂಗ್ ಇಂಜಿನ್ನಿಗೆ ಸೇರಿಸಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸರಾಗ ತಿರುಗಬೇಕು, ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ಕೆಲವು ಮಿಲಿಮೀಟರ್ ಸಂದು ಕಾಣಬೇಕು. ಸಂದು ಇಲ್ಲ, ಬೋಲ್ಟ್ ಬಿಗಿದರೆ ಹತ್ತಿರ ಬರುತ್ತೆ ಅಂತ ಯಾರಾದರೂ ಪಾನಾ ಎತ್ತಿಕೊಂಡರೆ ಅಲ್ಲೇ ಕೈ ಹಿಡಿಯಿರಿ. ಬಿಗಿದರೆ ಪಂಪ್ ಒಡೆಯುತ್ತೆ. ಮ್ಯಾನ್ಯುಯಲ್ ಇದ್ದಾಗಿನ ಪೈಲಟ್ ಬೇರಿಂಗ್ ಕ್ರ್ಯಾಂಕಿನ ತುದಿಯಲ್ಲಿ ಉಳಿದಿದ್ದರೂ ಇದೇ ತೊಂದರೆ.

ಬಿಸಿಯೇ ಆಟೋಮ್ಯಾಟಿಕ್‌ನ ಶತ್ರು. ಗೇರ್ ಎಣ್ಣೆ 80 ಡಿಗ್ರಿ ದಾಟಿದ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಷ್ಟಕ್ಕೂ ಅದರ ಆಯುಷ್ಯ ಅರ್ಧ ಅನ್ನೋದು ಗೇರ್‌ಬಾಕ್ಸ್ ಕೆಲಸದವರ ಹಳೆ ಲೆಕ್ಕ. ಮ್ಯಾನ್ಯುಯಲ್ ಗಾಡಿಯ ರೇಡಿಯೇಟರಿನಲ್ಲಿ ಗೇರ್ ಎಣ್ಣೆ ತಂಪು ಮಾಡೋ ವ್ಯವಸ್ಥೆಯೇ ಇರೋದಿಲ್ಲ. ದಾನಿ ಗಾಡಿಯ ರೇಡಿಯೇಟರ್ ಹಾಕಿ, ಜೊತೆಗೆ ಮುಂದೆ ಗಾಳಿ ಬೀಳೋ ಕಡೆ ಒಂದು ಪ್ರತ್ಯೇಕ ಕೂಲರ್ ಕೊಡಿಸಿ. ಹಳೆ ಕೂಲರ್, ಹಳೆ ಪೈಪ್ ತೊಳೆಯದೆ ಸೇರಿಸಿದರೆ ಅದರೊಳಗಿನ ಕಸವೆಲ್ಲ ಹೊಸದಾಗಿ ಕೂರಿಸಿದ ಬಾಕ್ಸಿಗೆ ಹೋಗುತ್ತೆ. ಎಣ್ಣೆ ಬದಲಿಸುವಾಗಲೂ ಒಂದು ವಿಷಯ: ಕೆಳಗಿನ ಪ್ಲಗ್ ಬಿಚ್ಚಿದರೆ ಇಳಿಯೋದು ಒಂದು ಭಾಗ ಮಾತ್ರ, ಬಹುಪಾಲು ಕನ್ವರ್ಟರಿನಲ್ಲೇ ಉಳಿಯುತ್ತೆ. ಮೊದಲ ಕೆಲವು ವಾರದಲ್ಲಿ ಎರಡು ಮೂರು ಸಲ ಇಳಿಸಿ ತುಂಬಿಸಿ. ಟ್ರಯಲ್‌ಗೆ ನಂದಿ ಬೆಟ್ಟ ಒಳ್ಳೆಯದು, ಆದರೆ ಭಾನುವಾರ ಬೆಳಗ್ಗೆ ಹೋಗಿ ಜಾಮಿನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಉದ್ದ ಹೊಂದಿಸಿದರೆ ಬ್ಯಾಲೆನ್ಸ್ ಮಾಡಿಸಲೇಬೇಕು. ಪಿ ಮತ್ತು ಎನ್‌ನಲ್ಲಿ ಬಿಟ್ಟು ಬೇರೆಲ್ಲೂ ಸ್ಟಾರ್ಟರ್ ತಿರುಗದಂತೆ ತಡೆಯೋ ಸ್ವಿಚ್ಚನ್ನು ವೈರಿಂಗ್‌ನವರು ಸುತ್ತಿ ಹಾಕಿ ಬಿಡೋದುಂಟು, ಅದನ್ನು ನೀವೇ ಪರೀಕ್ಷಿಸಿ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡೋ ಕಾಲ ಮುಗಿಯಿತು. ಹಗ್ಗ ಕಟ್ಟಿ ಎಳೆಯೋದೂ ಬೇಡ: ಇಂಜಿನ್ ನಿಂತಾಗ ಬಾಕ್ಸಿನ ಪಂಪೂ ನಿಂತಿರುತ್ತೆ, ಚಕ್ರ ತಿರುಗಿದರೆ ಒಳಗೆ ಎಣ್ಣೆಯಿಲ್ಲದೆ ಉಜ್ಜುತ್ತೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೆಸಿ, ಇಲ್ಲವೇ ಫ್ಲಾಟ್‌ಬೆಡ್ ಕರೆಸಿ.

ಆರ್‌ಟಿಒ ಮಾತು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಗೇರ್‌ಬಾಕ್ಸ್ ನಂಬರ್ ಇರೋದಿಲ್ಲ, ಇಂಜಿನ್ ನಂಬರ್, ಚಾಸಿ ನಂಬರ್, ಖಾಲಿ ತೂಕ ಇರುತ್ತೆ. ಅದೇ ಧೈರ್ಯದ ಮೇಲೆ ಯಾರೂ ನೋಡೋದಿಲ್ಲ ಅಂತ ಮುಂದುವರಿಯೋರಿದ್ದಾರೆ. ಗೆಟವೇಗಳಲ್ಲಿ ಹಳೆಯವು 15 ವರ್ಷ ದಾಟಿವೆ, ಬಿಳಿ ಬೋರ್ಡಿನವು ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಲೇಬೇಕು. ಹಳದಿ ಬೋರ್ಡ್ ಆದರೆ ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ಪ್ರತಿ ವರ್ಷ. ಅಲ್ಲಿ ಕ್ಲಚ್ ಪೆಡಲ್ ಇಲ್ಲದ ಗಾಡಿ ನೋಡಿ ಪ್ರಶ್ನೆ ಬರೋದು ಸಹಜ. ಕೆಎ 07 ಆಗಲಿ, ಕೆಎ 08, ಕೆಎ 40, ಕೆಎ 06 ಆಗಲಿ, ನಿಮ್ಮ ಆರ್‌ಟಿಒಗೆ ಮೊದಲೇ ಲಿಖಿತ ಅರ್ಜಿ ಕೊಟ್ಟು ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ, ಹೇಳದೆ ಮಾಡಿದ ಮಾರ್ಪಾಡು ಕ್ಲೇಮ್ ದಿನ ಎದ್ದು ಬರುತ್ತೆ. ಅಂಗವೈಕಲ್ಯದ ಕಾರಣಕ್ಕೆ ಮಾಡಿಸೋದಾದರೆ ಅದನ್ನು ಅರ್ಜಿಯಲ್ಲೇ ದಾಖಲೆ ಸಮೇತ ಹೇಳಿ, ಅಂಥ ಗಾಡಿಗಳಿಗೆ ಕಾಯ್ದೆಯಲ್ಲಿ ಬೇರೆ ಅವಕಾಶ ಇದೆ.

ಉತ್ತರ ಕೈಗೆ ಬಂದು, ಗಾಡಿ ಒಂದು ಬೇಸಿಗೆ ದಾಟೋ ತನಕ ನಿಮ್ಮ ಹಳೆ ಮ್ಯಾನ್ಯುಯಲ್ ಬಾಕ್ಸ್, ಫ್ಲೈವೀಲ್, ಕ್ಲಚ್ ಪೆಡಲ್, ಹಳೆ ಇಸಿಯು ಯಾವುದನ್ನೂ ಗುಜರಿಗೆ ಹಾಕಬೇಡಿ.